ಅಮೇರಿಕಾ ಮೇಷ್ಟ್ರ ಐದನೇ ತಿದ್ದುಪಡಿ

ಅಮೇರಿಕ ದೇಶದ ಸಂವಿಧಾನಕ್ಕೆ ಕೋಲಾರ ಜಿಲ್ಲೆಯಲ್ಲಿದ್ದ ಏಕೈಕ ವಾರಸುದಾರರು ಹೋದ ಬುಧವಾರ ಬೆಳಗ್ಗೆ ತೀರಿಕೊಂಡರು. ಆ ದೇಶಕ್ಕೆ ಈ ಸುದ್ದಿ ಇನ್ನೂ ಮುಟ್ಟಿಲ್ಲ. ಮುಟ್ಟಿದರೂ ಅಲ್ಲಿ ಯಾವ ಬಾವುಟವೂ ಅರ್ಧಕ್ಕೆ ಇಳಿಯುವುದಿಲ್ಲವೆಂದು ನನಗೆ ಗೊತ್ತು. ಅವರು ಮೂವತ್ಮೂರು ವರ್ಷ ದುಡಿದ ಕಾಲೇಜಿನಲ್ಲೇ ಒಂದು ನಿಮಿಷದ ಮೌನವನ್ನು ನಲವತ್ತು ಸೆಕೆಂಡಿಗೆ ಮುಗಿಸಿದರಂತೆ. ಇಂಟರ್ನಲ್ ಪರೀಕ್ಷೆಯ ಬೆಲ್ಲು ಹೊಡೆಯಿತಂತೆ.

ಅವರ ಹೆಸರು ಬರೆಯುವುದಿಲ್ಲ. ಕಾಲೇಜಿನ ಹೆಸರನ್ನೂ ಬರೆಯುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕರಲ್ಲಿ ಒಂದು ಊರಿನ ಸರ್ಕಾರಿ ಪದವಿ ಕಾಲೇಜು ಎಂದಷ್ಟು ತಿಳಿದರೆ ಸಾಕು. ಅಲ್ಲಿ ಅವರು ರಾಜ್ಯಶಾಸ್ತ್ರದ ಅಧ್ಯಾಪಕರು, ನಾನು ಗ್ರಂಥಪಾಲಕ. ಹೆಸರು ಬರೆಯದಿರುವುದಕ್ಕೆ ಕಾರಣವಿದೆ. ಅದು ಮುಂದೆ ಗೊತ್ತಾಗುತ್ತದೆ, ಗೊತ್ತಾದಾಗ ನನ್ನ ಹೆಸರನ್ನು ಯಾಕೆ ಬರೆದುಕೊಂಡಿಲ್ಲ ಎಂದೂ ಯಾರೂ ಕೇಳುವುದಿಲ್ಲ.

ಊರೆಲ್ಲ ಅವರನ್ನು ಅಮೇರಿಕಾ ಮೇಷ್ಟ್ರು ಎನ್ನುತ್ತಿತ್ತು. ಪೂರ್ವಕ್ಕೆ ತಿರುಪತಿ, ಪಶ್ಚಿಮಕ್ಕೆ ಬೆಂಗಳೂರಿನ ಮೆಜೆಸ್ಟಿಕ್ಕು, ಇವೆರಡರ ಆಚೆ ಅವರು ಕಾಲಿಟ್ಟವರಲ್ಲ. ವಿದೇಶಿ ಸಂವಿಧಾನಗಳು ಎಂಬ ಪಠ್ಯಪತ್ರಿಕೆಯನ್ನು ಅವರಿಗೆ ಯಾವುದೋ ಕಾಲದಲ್ಲಿ ಹಂಚಿಕೊಟ್ಟಿದ್ದರು, ಅದನ್ನು ಅವರು ಬಿಡಲೇ ಇಲ್ಲ. ಪತ್ರಿಕೆಯಲ್ಲಿ ಮೂರು ದೇಶಗಳಿದ್ದವು. ಬ್ರಿಟನ್ನನ್ನು ಒಂದು ವಾರದಲ್ಲಿ ಮುಗಿಸುತ್ತಿದ್ದರು. “ಅವರೇ ಬರೆದಿಟ್ಟಿಲ್ಲ, ನಾನ್ಯಾಕೆ ಬರೆಸ್ಲಿ?” ಸ್ವಿಟ್ಜರ್‌ಲೆಂಡಿಗೆ ಎರಡು ಪೀರಿಯಡ್ಡು. “ಅಲ್ಲಿ ತೊಂದರೆ ಏನೂ ಇಲ್ಲ. ತೊಂದರೆ ಇಲ್ಲದ ಕಡೆ ಓದೋದಕ್ಕೇನಿರುತ್ತೆ?” ಮಿಕ್ಕ ವರ್ಷವೆಲ್ಲ ಅಮೇರಿಕ.

ಬಡಕಲು ಮೈ, ತುಂಬುತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಹೊಲಿಗೆ ಬಿಚ್ಚಿದ ಒಂದು ಚಿಕ್ಕ ಪುಸ್ತಕ. ಅದೇ ಆ ದೇಶದ ಸಂವಿಧಾನ. “ನೋಡಿ, ಒಂದು ದೇಶ ಜೇಬಲ್ಲಿ ಹಿಡಿಯುತ್ತೆ. ನಮ್ಮದಕ್ಕೆ ಗೋಣಿಚೀಲ ಬೇಕು” ಎನ್ನುತ್ತಿದ್ದರು. ಕಾಫಿಯನ್ನು ತಟ್ಟೆಗೆ ಸುರಿದುಕೊಂಡು ಕುಡಿಯುವರು. ಅದಕ್ಕೂ ಒಂದು ಅಮೇರಿಕ ಇತ್ತು. ಕೆಳಮನೆಯ ಬಿಸಿಯನ್ನು ಆರಿಸುವುದಕ್ಕೆ ಮೇಲ್ಮನೆ ಎಂಬ ತಟ್ಟೆ ಇರುವುದಂತೆ. ಮದುವೆಯಾಗಿರಲಿಲ್ಲ. ಗಂಡ ತೀರಿಕೊಂಡ ಅಕ್ಕನ ಜೊತೆ ಹಳೇ ಪೇಟೆಯ ಒಂದು ಹೆಂಚಿನ ಮನೆಯಲ್ಲಿದ್ದರು. ಆ ಮನೆಯ ಮುಂಬಾಗಿಲಿನ ಅಗುಳಿ ಬಿದ್ದುಹೋಗಿ ಎಂಟು ವರ್ಷವಾಗಿತ್ತು. ರಾತ್ರಿ ಹೊತ್ತು ಬಾಗಿಲಿಗೆ ಒಂದು ಅಕ್ಕಿ ಡಬ್ಬ ಅಡ್ಡ ಇಡುತ್ತಿದ್ದರು. ಅಕ್ಕ ಬಯ್ಯುವರು: “ದೇಶಕ್ಕೆಲ್ಲ ಕಾನೂನು ಹೇಳ್ತೀಯ, ಒಬ್ಬ ಬಡಗೀನ ಕರೆಯಕ್ಕಾಗಲ್ಲ ನಿನ್ ಕೈಲಿ.”

ಈ ಅಗುಳಿ ಅವರ ಪಾಠದಲ್ಲೂ ಬರುತ್ತಿತ್ತು. “ಆ ಮಹನೀಯರು ಬೇಸಿಗೇಲಿ ಕೂತು ಇಡೀ ಮನೆ ಕಟ್ಟಿದ್ರು. ಅಧ್ಯಕ್ಷ, ಎರಡು ಸದನ, ನ್ಯಾಯಾಲಯ, ಎಲ್ಲ ಕೋಣೆ. ಆದ್ರೆ ಪ್ರಜೆಯ ಹಕ್ಕು ಅನ್ನೋ ಅಗುಳಿ ಇಡೋದೇ ಮರೆತ್ರು. ಜನ ಬಂದು ನೋಡಿ, ಅಗುಳಿ ಇಲ್ಲದ ಮನೆಗೆ ನಾವು ಬರಲ್ಲ ಅಂದ್ರು. ಆಮೇಲೆ ಹತ್ತು ಅಗುಳಿ ಬಡಿದ್ರು. ಅವೇ ಮೊದಲ ಹತ್ತು ತಿದ್ದುಪಡಿ.” ಹಿಂದಿನ ಬೆಂಚಿನ ಒಬ್ಬ ಎದ್ದುನಿಂತು, “ಸಾರ್, ನಿಮ್ ಮನೆ ಬಾಗಿಲು?” ಎಂದು ಕೇಳಿದ್ದೂ ಉಂಟು. “ನನ್ನದು ಇನ್ನೂ ಅಂಗೀಕಾರ ಆಗಿಲ್ಲ, ಕೂತ್ಕೊಳ್ಳೋ” ಎಂದರು.

ಅಧಿಕಾರವನ್ನು ಯಾಕೆ ಒಬ್ಬನ ಕೈಗೆ ಕೊಡಬಾರದು ಎಂಬುದಕ್ಕೆ ಅವರ ಉದಾಹರಣೆ ಕೆರೆಯದು. “ತೂಬು ತೆಗೆಯೋನಿಗೆ ಕೆರೆ ಕೆಳಗೆ ಗದ್ದೆ ಇರಬಾರ್ದು. ಇಷ್ಟೇ ಕಣ್ರೋ, ಪರೀಕ್ಷೇಲಿ ಎಂಟು ಪುಟ ಬರೀಬೇಡಿ.” ಒಂದು ವರ್ಷ ತಾಯಲೂರು ಕಡೆಯ ಹುಡುಗನೊಬ್ಬ ಅಡ್ಡ ಬಂದ. “ಸಾರ್, ನಮ್ಮೂರಲ್ಲಿ ತೂಬು ತೆಗೆಯೋ ನೀರುಗಂಟಿಗೆ ಕೆರೆ ಕೆಳಗೇ ಮಾನ್ಯದ ಗದ್ದೆ ಕೊಟ್ಟಿದಾರೆ.” ಮೇಷ್ಟ್ರು ಕೈಯ ಸೀಮೆಸುಣ್ಣ ಒರೆಸಿಕೊಂಡು, “ಅದಕ್ಕೇ ನಮ್ಮೂರು ಹಿಂಗಿರೋದು” ಎಂದು ಮುಂದೆ ಹೋದರು.

ಆದರೆ ಅವರ ಕೀರ್ತಿಗೆ ಮೂಲ ಅವರ ಫಿಲಡೆಲ್ಫಿಯ. ಪ್ರತಿ ವರ್ಷ ಮಾರ್ಚ್ ಕೊನೆಯ ಒಂದು ಮಧ್ಯಾಹ್ನ ಅಂತಿಮ ವರ್ಷದ ತರಗತಿಯನ್ನು ಸಂವಿಧಾನ ಸಭೆಯಾಗಿ ಮಾರ್ಪಡಿಸುತ್ತಿದ್ದರು. ಮೂಲ ಸಭೆಯವರು ಗುಟ್ಟು ಹೊರಬೀಳಬಾರದೆಂದು ಬೇಸಿಗೆಯಲ್ಲಿ ಕಿಟಕಿ ಮುಚ್ಚಿಕೊಂಡು ಕೂತಿದ್ದರಂತೆ. ಆದ್ದರಿಂದ ನಮ್ಮಲ್ಲೂ ಕಿಟಕಿ ಬಂದ್. ಮೇಲೆ ಸಿಮೆಂಟು ಶೀಟಿನ ಚಾವಣಿ. ಬಾಗಿಲಲ್ಲಿ ಮೊದಲ ವರ್ಷದ ಹುಡುಗನೊಬ್ಬನ ಪಹರೆ. ಮೇಷ್ಟ್ರು ವರ್ಷಕ್ಕೆ ಆ ಒಂದು ದಿನ ತೊಡುವ ಕಪ್ಪು ಕೋಟು ತೊಟ್ಟು, ತಲೆಗೆ ಒದ್ದೆ ಟವೆಲು ಸುತ್ತಿಕೊಂಡು ಅಧ್ಯಕ್ಷತೆ ವಹಿಸುವರು. ಹದಿಮೂರು ರಾಜ್ಯಗಳಿಗೆ ಹದಿಮೂರು ಕುರ್ಚಿ, ಪ್ರತಿನಿಧಿಗಳು ಮಾತ್ರ ಹನ್ನೆರಡು. ಒಂದು ರಾಜ್ಯ ನಿಜವಾಗಿಯೂ ಬಂದಿರಲಿಲ್ಲವಾದ್ದರಿಂದ ಅದರ ಕುರ್ಚಿ ಖಾಲಿ ಇರಬೇಕು. ಈ ಖಾಲಿ ಕುರ್ಚಿಯನ್ನು ದಯವಿಟ್ಟು ನೆನಪಿನಲ್ಲಿಡಿ.

ರಾಜ್ಯಗಳಿಗೆ ನಮ್ಮ ಊರುಗಳದೇ ಹೆಸರು. ಕೋಲಾರ ದೊಡ್ಡ ರಾಜ್ಯ, ಮಾಸ್ತಿ, ತಾಯಲೂರು ಸಣ್ಣವು. ಜನಸಂಖ್ಯೆಗೆ ತಕ್ಕಂತೆ ಸ್ಥಾನ ಬೇಕೆಂದು ಕೋಲಾರ ಮೇಜು ಗುದ್ದುವುದು, ಎಲ್ಲರಿಗೂ ಸಮ ಬೇಕೆಂದು ಸಣ್ಣವು ಕೂಗುವುದು. ಕುರುಡುಮಲೆಯ ಹುಡುಗಿಯೊಬ್ಬಳು, “ನಮ್ಮೂರಲ್ಲಿ ಜನ ಕಮ್ಮಿ ಸಾರ್, ಗಣಪತಿ ದೊಡ್ಡದು. ಅದನ್ನೂ ಎಣಿಸ್ಕೊಳ್ಳಿ” ಎಂದು ಇಡೀ ಸಭೆಯನ್ನು ಹತ್ತು ನಿಮಿಷ ನಿಲ್ಲಿಸಿಬಿಟ್ಟಿದ್ದಳು.

ಸಭೆಯ ಕೊನೆಯಲ್ಲಿ ಎಲ್ಲರೂ ಒಂದು ಹಾಳೆಗೆ ಸಹಿ ಹಾಕಬೇಕು, ಮೂವರು ಮಾತ್ರ ಹಾಕಬಾರದು. ಮೂಲ ಸಭೆಯಲ್ಲಿ ಕೊನೆಯವರೆಗೆ ಕೂತು ಸಹಿ ಹಾಕದೆ ಎದ್ದು ಹೋದವರು ಮೂವರಂತೆ, ಹಕ್ಕುಗಳ ಪಟ್ಟಿ ಇಲ್ಲ ಎಂಬುದೂ ಅವರ ತಕರಾರಂತೆ. ಮೇಷ್ಟ್ರಿಗೆ ಅಲ್ಲಿನ ಮೊದಲ ಅಧ್ಯಕ್ಷರಿಗಿಂತ ಆ ಮೂವರ ಮೇಲೆ ಭಕ್ತಿ. “ಸಹಿ ಹಾಕೋಕೆ ಪೆನ್ನು ಸಾಕು, ಹಾಕದೇ ಇರೋಕೆ ಬೆನ್ನು ಬೇಕು” ಎಂದು ವರ್ಷಕ್ಕೊಮ್ಮೆ ಹೇಳುವರು. ವರ್ಷಕ್ಕೊಮ್ಮೆ ನಾವೆಲ್ಲ ನಗುತ್ತಿದ್ದೆವು.

ಈ ಮಹಾಸಭೆಗೆ ನನ್ನದೂ ಅಳಿಲುಸೇವೆ ಇತ್ತು. ಗುಟ್ಟಿನ ಸಭೆಯಾದ್ದರಿಂದ ಹಾಜರಿ ಪುಸ್ತಕ ಒಳಗೆ ಹೋಗುವಂತಿಲ್ಲ. ಅದನ್ನೂ, ಹುಡುಗರ ಮೊಬೈಲುಗಳನ್ನೂ ಎದುರಿನ ಗ್ರಂಥಾಲಯದಲ್ಲಿ ನನ್ನ ವಶಕ್ಕೆ ಒಪ್ಪಿಸುವರು. ಆ ದಿನದ ಹಾಜರಿಯ ಅಂಕಣ ಖಾಲಿಯೇ ಉಳಿಯುತ್ತಿತ್ತು. ಮೂವತ್ತು ವರ್ಷ ಖಾಲಿಯೇ ಉಳಿಯಿತು. ಇನ್ನೊಂದು ಸೇವೆ ಲೋಟದ್ದು. ಮೂರು ಗಂಟೆಗೆ ಪ್ರತಿನಿಧಿಗಳು ಬೆವರಿ ಒಬ್ಬೊಬ್ಬರಾಗಿ ಹೊರಬಂದು ಗ್ರಂಥಾಲಯದ ಮೂಲೆಯ ಮಣ್ಣಿನ ಹೂಜಿಯಲ್ಲಿ ನೀರು ಕುಡಿಯುವರು. ಅಲ್ಲಿದ್ದುದು ಒಂದೇ ಸ್ಟೀಲು ಲೋಟ. ಕಳುವಾಗದಿರಲೆಂದು ಅದು ನನ್ನ ಮೇಜಿನ ಮೇಲಿರುತ್ತಿತ್ತು. ಎಲ್ಲರಿಗೂ ನಾನೇ ಕೈಯಾರೆ ಕೊಡಬೇಕು. ಹೂಜಿಗೆ ನೀರು ಬರುತ್ತಿದ್ದುದು ನನ್ನ ಬಾಡಿಗೆ ಮನೆಯಿಂದ, ಮನೆ ಮಾಲೀಕರ ಬೋರ್‌ವೆಲ್ಲಿಂದ. ನಮ್ಮೂರಲ್ಲಿ ಬಾಯಿಗೆ ಹಾಕಬಹುದಾದ ಸಿಹಿನೀರು ಮೂರೋ ನಾಲ್ಕೋ ಮನೆಗೆ ಮಾತ್ರ. ಆ ಮನೆ ಸಿಕ್ಕಿದ್ದು ನನ್ನ ಜೀವಮಾನದ ಸಾಧನೆ ಎಂದು ನನ್ನ ಹೆಂಡತಿ ನಂಬಿದ್ದಳು.

ಇನ್ನು ಮುನಿರಾಜು. ಊರಾಚೆಯ ಕಾಲೋನಿಯಿಂದ ನಡೆದುಕೊಂಡು ಬರುತ್ತಿದ್ದ ಹುಡುಗ. ಮಾತು ಕಡಿಮೆ. ಮೇಷ್ಟ್ರು ಅವನನ್ನು ಗಮನಿಸಿದ್ದು ಒಂದು ಪ್ರಶ್ನೆಯಿಂದ. ಜನಸಂಖ್ಯೆ ಲೆಕ್ಕ ಹಾಕುವಾಗ ಅಲ್ಲಿ ಗುಲಾಮರನ್ನು ಐದರಲ್ಲಿ ಮೂರು ಪಾಲು ಮನುಷ್ಯರೆಂದು ಎಣಿಸಿದರು ಎಂದು ಪಾಠ ಮಾಡುತ್ತಿದ್ದರು. ಮುನಿರಾಜು ಎದ್ದು ನಿಂತ.

“ಯಾವ ಮೂರು ಪಾಲು ಸಾರ್?”

“ಯಾವ ಅಂದ್ರೆ?”

“ಕೈ ಕಾಲು ಬೆನ್ನು ಎಣಿಸ್ಕೊಂಡು, ತಲೆ ಬಾಯಿ ಬಿಟ್ರಾ ಅಂತ.”

ಆ ಪೀರಿಯಡ್ಡಿನ ಉಳಿದ ಭಾಗ ಮೇಷ್ಟ್ರು ಪಾಠ ಮಾಡಲಿಲ್ಲ. ಗ್ರಂಥಾಲಯಕ್ಕೆ ಬಂದು ನನ್ನೆದುರು ಕೂತು, “ಮೂವತ್ತು ವರ್ಷದಿಂದ ಹೇಳ್ತಿದೀನಿ ಕಣ್ರೀ, ಭಿನ್ನರಾಶಿ ಹೇಳ್ದಂಗೆ ಹೇಳ್ತಿದ್ದೆ” ಎಂದರು. ಅಂದಿನಿಂದ ಮುನಿರಾಜು ಅವರ ಮೊದಲ ಬೆಂಚಿನವನಾದ. ಮಾತಾಡಲು ಹೆದರುವ ಹುಡುಗನಿಗೆ ಅವರು ಕಲಿಸಿದ್ದು, ವಿಚಿತ್ರ ನೋಡಿ, ಸುಮ್ಮನಿರುವ ಹಕ್ಕನ್ನು. ಐದನೇ ತಿದ್ದುಪಡಿ. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯೆಂದು ಯಾರನ್ನೂ ಬಲವಂತ ಮಾಡುವಂತಿಲ್ಲ. “ನಿನ್ನ ಬಾಯಿ ನಿನ್ನ ಮನೆ ಕಣೋ. ಅದಕ್ಕೆ ಅಗುಳಿ ಇದೆ. ಒಳಗಡೆಯಿಂದ.”

ಆ ವರ್ಷದ ಫಿಲಡೆಲ್ಫಿಯ ಒಂದು ಮಂಗಳವಾರ ನಡೆಯಿತು. ಮುನಿರಾಜು ಸಹಿ ಹಾಕದ ಮೂವರಲ್ಲಿ ಒಬ್ಬ. ಮೂರು ಗಂಟೆಗೆ ಅವನೂ ಬಂದ, ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಲೋಟ ಕೊಟ್ಟೆ. ಎರಡು ಲೋಟ ನೀರು ಕುಡಿದು, ತೊಳೆದು, ಮೇಜಿನ ಮೇಲೆ ಬೋರಲು ಹಾಕಿ ಹೋದ.

ಅದೇ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ತ್ರೀ ಫೇಸ್ ಕರೆಂಟಿಲ್ಲದ ಹೊತ್ತು ನೋಡಿ, ಊರಾಚೆಯ ಒಂದು ಹಿಪ್ಪುನೇರಳೆ ತೋಟದ ಬೋರ್‌ವೆಲ್ ಕೇಬಲ್ಲನ್ನು ಯಾರೋ ಕತ್ತರಿಸಿಕೊಂಡು ಹೋದರು. ತೋಟ ನನ್ನ ಮನೆ ಮಾಲೀಕರದು. ಅವರು ಕಾಲೋನಿಯ ಮೂವರು ಹುಡುಗರ ಹೆಸರು ಕೊಟ್ಟರು. ಯಾಕೆ ಆ ಮೂವರು ಎಂದರೆ, ತೋಟದ ಪಕ್ಕದ ದಾರಿಯಲ್ಲಿ ದಿನಾ ಓಡಾಡುವವರು. ಬುಧವಾರ ಬೆಳಗ್ಗೆ ಪೊಲೀಸರು ಮೂವರನ್ನೂ ಕರೆದೊಯ್ದರು. ಇಬ್ಬರು ಸಂಜೆಯೊಳಗೆ “ತಪ್ಪಾಯ್ತು ಸಾಮಿ” ಎಂದು ಕಾಲು ಹಿಡಿದರು, ಹಿರಿಯರು ಹೋಗಿ ಮಾತಾಡಿದರು, ಬಿಟ್ಟರು. ಮುನಿರಾಜು ಮಾತ್ರ ಕೈಕಟ್ಟಿ ನಿಂತು, “ನನ್ನ ವಿರುದ್ಧ ನಾನು ಸಾಕ್ಷಿ ಹೇಳಬೇಕಾಗಿಲ್ಲ. ಐದನೇ ತಿದ್ದುಪಡಿ” ಎಂದನಂತೆ. ಆಮೇಲೆ ಬಾಯಿ ಬಿಡಲಿಲ್ಲ. ಎಲ್ಲಿದ್ದೆ ಎಂದು ಕೇಳಿದರೆ ಕಾಲೇಜಿನಲ್ಲಿದ್ದೆ ಎಂದು ಹೇಳುವುದಕ್ಕೆ ಒಂದು ಪದ ಸಾಕಿತ್ತು. ಹೇಳಲಿಲ್ಲ. ಹಕ್ಕೆಂದರೆ ಪೂರ್ತಿ ಹಕ್ಕು ಎಂದು ತಿಳಿದಿದ್ದ.

ಗುರುವಾರ ಅವನ ತಾಯಿ ಕಾಲೇಜಿಗೆ ಬಂದಳು. ಸ್ಟಾಫ್ ರೂಮಿನ ಒಳಗೆ ಬಾರದೆ ಹೊಸ್ತಿಲಲ್ಲೇ ನಿಂತು ಮೇಷ್ಟ್ರನ್ನು ಕೇಳಿದಳು. “ಏಮಿ ನೇರ್ಪಿನಾರು ಸಾರೂ ಮೀರು ವಾನಿಕಿ? ಏನು ಹೇಳ್ಕೊಟ್ರಿ ನೀವು ನನ್ ಮಗನಿಗೆ? ಹೊಡೆದ್ರೂ ಮಾತಾಡ್ಬೇಡ ಅಂತಾನಾ? ಹೂ ಅಂದೋರು ಮನೆಗೆ ಬಂದ್ರು. ನಿಮ್ಮ ಪಾಠ ಓದಿದೋನು ಒಬ್ಬನೇ ಅಲ್ಲಿ ಅವ್ನೆ.”

ಮೇಷ್ಟ್ರು ಜೇಬಿನ ಪುಸ್ತಕವನ್ನು ಒಮ್ಮೆ ಮುಟ್ಟಿಕೊಂಡರು. “ಬನ್ನಿ” ಎಂದರು ನನಗೆ. ಬರುವುದಿಲ್ಲ ಎನ್ನಲು ಕಾರಣ ಹುಡುಕುವಷ್ಟರಲ್ಲಿ ಆಟೋದಲ್ಲಿ ಕೂತಾಗಿತ್ತು.

ಠಾಣೆಯ ಸಬ್ ಇನ್ಸ್‌ಪೆಕ್ಟರು ಎಳೆಯ ವಯಸ್ಸಿನವರು, ಮರ್ಯಾದಸ್ಥರು. ಕುರ್ಚಿ ಹಾಕಿಸಿ ಟೀ ಹೇಳಿದರು. ಮುನಿರಾಜು ಒಳಗಿನ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಬಲಗೈಗೆ ಒಂದು ಟವೆಲು ಸುತ್ತಿತ್ತು. ನಮ್ಮನ್ನು ನೋಡಿ ಏಳಲು ಹೋದ, ಆಗಲಿಲ್ಲ.

“ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆಗಲೇ ಮೂವತ್ತಾಯ್ತು” ಎಂದರು ಮೇಷ್ಟ್ರು.

“ಅರೆಸ್ಟ್ ಮಾಡಿದ್ರೆ ತಾನೆ ಸಾರ್ ಗಂಟೆ ಎಣಿಸೋದು? ಅರೆಸ್ಟ್ ಎಲ್ಲಿ ಮಾಡಿದೀವಿ? ಕೂರ್ಸಿದೀವಿ ಅಷ್ಟೇ.” ಟೀ ಬಂತು. “ನಾನೂ ರಾಜ್ಯಶಾಸ್ತ್ರವೇ ಸಾರ್. ಐದನೇ ತಿದ್ದುಪಡಿ ಅಮೇರಿಕಾದ್ದು. ನಮ್ಮಲ್ಲಿ ಇಪ್ಪತ್ತನೇ ವಿಧಿ, ಮೂರನೇ ಉಪವಿಧಿ. ತಪ್ಪು ಹೇಳ್ಕೊಟ್ಟಿದೀರಿ ಹುಡುಗನಿಗೆ.”

ಮೇಷ್ಟ್ರು ಟೀ ಲೋಟ ಪಕ್ಕಕ್ಕಿಟ್ಟು ಕೇಳಿದರು: “ಸರಿಯಾಗಿ ಹೇಳಿದ್ದಿದ್ರೆ ಬಿಡ್ತಿದ್ರಾ?”

“ಇಲ್ಲ ಸಾರ್. ಮಾರ್ಕ್ಸ್ ಕೊಡ್ತಿದ್ದೆ.”

ಇಡೀ ಮಾತುಕತೆಯಲ್ಲಿ ಸಬ್ ಇನ್ಸ್‌ಪೆಕ್ಟರು ಒಮ್ಮೆಯೂ ದನಿ ಏರಿಸಲಿಲ್ಲ. ಹುಡುಗ ಮಂಗಳವಾರ ಮಧ್ಯಾಹ್ನವೆಲ್ಲ ತಮ್ಮ ತರಗತಿಯಲ್ಲಿದ್ದ ಎಂದು ಮೇಷ್ಟ್ರು ಹೇಳಿದರು. ಹಾಜರಿ ತನ್ನಿ ಎಂದರು ಅವರು. ಅವತ್ತು ಹಾಜರಿ ಹಾಕುವುದಿಲ್ಲ, ಅದು ಫಿಲಡೆಲ್ಫಿಯ ಎಂದು ಮೇಷ್ಟ್ರು ವಿವರಿಸಿದರು. ಮುಚ್ಚಿದ ಕಿಟಕಿ, ಗುಟ್ಟು, ಮೂವತ್ತು ವರ್ಷದ ಪದ್ಧತಿ. ಠಾಣೆಯಲ್ಲಿ ಹೇಳುವಾಗ ಅದು ನನಗೇ ಸುಳ್ಳಿನಂತೆ ಕೇಳಿಸಿತು.

“ಇವನು ಬಾಯಿ ಬಿಡಲಿಲ್ಲ ಅಂತ ಇವನ ಕ್ಲಾಸಿನ ಒಬ್ಬ ಹುಡುಗನ್ನ ವಿಚಾರಿಸಿದ್ವಿ ಸಾರ್. ಹದಿಮೂರು ಕುರ್ಚಿ ಹಾಕಿದ್ರಿ, ಒಂದು ಖಾಲಿ ಇತ್ತು ಅಂದ. ಆ ಖಾಲಿ ಕುರ್ಚಿ ಇವನದೇ ಯಾಕಾಗಬಾರ್ದು?”

ಮೇಷ್ಟ್ರು ನಕ್ಕರು. ನಗಬಾರದಿತ್ತು. ಆ ಕುರ್ಚಿ ಎರಡು ಶತಮಾನದ ಹಿಂದೆ ಸಭೆಗೆ ಬಾರದ ಒಂದು ಪುಟ್ಟ ರಾಜ್ಯದ್ದು ಎಂದು ಶುರುಮಾಡಿದರು. ಬರೆದುಕೊಳ್ಳುತ್ತಿದ್ದ ಪೇದೆ ಪೆನ್ನು ಕೆಳಗಿಟ್ಟ.

“ಹುಡುಗ್ರು ಹುಡುಗ್ರ ಪರ ಹೇಳ್ತಾರೆ, ಗುರುಗಳು ಶಿಷ್ಯನ ಪರ ಹೇಳ್ತೀರ. ಬೇರೆ ಯಾರಾದ್ರು ನೋಡಿದೋರು ಇದ್ರೆ ಹೇಳಿ, ಈಗಲೇ ಬಿಡ್ತೀನಿ. ಸಿಸಿ ಕ್ಯಾಮೆರಾ ಇಲ್ವಾ?”

ಇತ್ತು. ಅದರ ಮುಖ ಪ್ರಾಂಶುಪಾಲರ ಕಾರಿನ ಕಡೆಗಿತ್ತು.

ಆಗ ಸಬ್ ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು. “ಸಾರ್ ನೀವು? ಎದುರಿಗೇ ಲೈಬ್ರರಿ ಅಂತೀರಿ. ನೀವು ನೋಡಿದ್ರಾ ಇವನನ್ನ?”

ಹೊರಗೆ ಬೇವಿನ ಮರದ ಕೆಳಗೆ ನನ್ನ ಮನೆ ಮಾಲೀಕರು ಪೇದೆಯೊಬ್ಬನ ಜೊತೆ ಎಲೆಯಡಿಕೆ ಹಾಕಿಕೊಂಡು ನಿಂತಿದ್ದರು. ಬಾಗಿಲು ತೆರೆದೇ ಇತ್ತು. ನಾನು ಮುನಿರಾಜುವನ್ನು ನೋಡಲಿಲ್ಲ. ಮೇಷ್ಟ್ರನ್ನೂ ನೋಡಲಿಲ್ಲ. ಟೀ ಲೋಟ ನೋಡಿದೆ.

“ಸರಿಯಾಗಿ ಗಮನಿಸ್ಲಿಲ್ಲ. ಬಹಳ ಜನ ಬರ್ತಾ ಹೋಗ್ತಾ ಇರ್ತಾರೆ” ಎಂದೆ.

ನನ್ನ ಗ್ರಂಥಾಲಯಕ್ಕೆ ಬಹಳ ಜನ ಬರುತ್ತಾರೆ ಎಂಬ ಮಾತನ್ನು ಆ ಮೊದಲಾಗಲೀ ಆಮೇಲಾಗಲೀ ಯಾರೂ ಹೇಳಿದ್ದಿಲ್ಲ.

ವಾಪಸು ಬಂದಿಳಿದಾಗ ಆಟೋದ ಬಾಡಿಗೆಯನ್ನು ಮೇಷ್ಟ್ರೇ ಕೊಟ್ಟರು. ಲೋಟ ನನ್ನ ಮೇಜಿನ ಮೇಲಿರುವುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಉಳಿದ ಹನ್ನೊಂದು ಪ್ರತಿನಿಧಿಗಳ ಮನೆಗಳಿಗೆ ಸಂಜೆಯೆಲ್ಲ ಹೋದರಂತೆ. ಕುರುಡುಮಲೆಯ ದಾರಿಯ ಒಂದು ಮನೆಯಲ್ಲಿ ಕಾಫಿ ಕೊಟ್ಟು, “ನಿಮ್ಮ ಮೇಲೆ ಗೌರವ ಇದೆ ಸಾರ್. ಮಕ್ಕಳನ್ನ ಸ್ಟೇಷನ್ನಿಗೆ ಎಳೀಬೇಡಿ” ಎಂದರಂತೆ. ಮಿಕ್ಕ ಮನೆಗಳಲ್ಲಿ ಕಾಫಿ ಕೊಡಲಿಲ್ಲ.

ಪ್ರಾಂಶುಪಾಲರು ವ್ಯವಹಾರ ಬಲ್ಲವರು. “ಹಾಜರೀಲಿ ಪ್ರೆಸೆಂಟ್ ಅಂತ ಒಂದು ಪಿ ಹಾಕಿದ್ರೆ ಮುಗೀತಲ್ರೀ. ಹುಡುಗ ಬಂದಿದ್ದಂತೂ ನಿಜ ತಾನೆ?” ಎಂದರು.

“ಬಂದಿದ್ದು ನಿಜ ಸಾರ್. ಅವತ್ತೇ ಬರೆದೆ ಅನ್ನೋದು ಸುಳ್ಳಾಗುತ್ತೆ.”

“ಮೊದಲನೇದು ಸಾಲದೇನ್ರೀ?”

ಶುಕ್ರವಾರ ಬೆಳಗ್ಗೆ ನಾನು ಬೀಗ ತೆಗೆಯುವ ಮೊದಲೇ ಮೇಷ್ಟ್ರು ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಬಂದು, ನನ್ನ ಮೇಜಿನ ಮೇಲೆ ಹಾಜರಿ ಪುಸ್ತಕ ಬಿಚ್ಚಿ, ಮಂಗಳವಾರದ ಖಾಲಿ ಅಂಕಣದ ಮೇಲೆ ಬೆರಳಿಟ್ಟರು. ಪಕ್ಕದಲ್ಲಿ ಬೋರಲು ಹಾಕಿದ ಲೋಟ ಇತ್ತು.

“ಪೆನ್ನು ಕೊಡಿ” ಎಂದರು.

ಆ ಹೊತ್ತಿಗೆ ನಾನು, ಬೇಡಿ ಸಾರ್, ನಾನೇ ಬಂದು ಹೇಳ್ತೀನಿ, ಎನ್ನಬಹುದಿತ್ತು. ಠಾಣೆ ಆಟೋದಲ್ಲಿ ಐದು ನಿಮಿಷದ ದಾರಿ. ಅವರು ಕೈ ಚಾಚಿಕೊಂಡು ಸ್ವಲ್ಪ ಹೊತ್ತು ಕಾದರು. ಪೆನ್ನಿಗೆ ಕಾಯುವುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು. ನಾನು ಪೆನ್ನು ಕೊಟ್ಟೆ.

ಹನ್ನೆರಡು ಪಿ ಬರೆದರು. ಅವರ ಅಕ್ಷರ ಯಾವಾಗಲೂ ದುಂಡಗೆ. ಕೆಳಗೆ ಸಹಿ ಹಾಕಿ, ಪುಸ್ತಕಕ್ಕೆ ಬಾಯಿಂದ ಗಾಳಿ ಊದಿ, ಪೆನ್ನನ್ನು ನನಗೆ ಹಿಂತಿರುಗಿಸಿದರು. “ನಿಮ್ಮದು ಚೆನ್ನಾಗಿ ಬರೆಯುತ್ತೆ” ಎಂದರು.

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರು ಆ ಪುಟದ ಮೇಲೆ ಹೆಬ್ಬೆರಳು ಆಡಿಸಿ ನೋಡಿದರಂತೆ. ನಾನು ಜೊತೆಗೆ ಹೋಗಿರಲಿಲ್ಲ, ಮೇಷ್ಟ್ರು ಕರೆಯಲೂ ಇಲ್ಲ. ಇದನ್ನೆಲ್ಲ ಹೇಳಿದ್ದು ಆಟೋದವನು. “ಇಂಕು ಹೊಸದು ಸಾರ್. ಪರವಾಗಿಲ್ಲ, ದಾಖಲೆ ದಾಖಲೆನೇ. ನೋಡಿ, ನಿನ್ನೆ ನಿಜ ಹೇಳಿದ್ರಿ, ಕೆಲಸ ಆಗ್ಲಿಲ್ಲ” ಎಂದರಂತೆ. ಹುಡುಗನನ್ನು ಬಿಟ್ಟರು. ಆಟೋ ಹತ್ತುವಾಗ ಮುನಿರಾಜು ಕೇಳಿದನಂತೆ: “ಸಾರ್, ಸುಮ್ನಿರೋ ಹಕ್ಕು ನಿಜವಾಗ್ಲೂ ಇದ್ಯಾ?”

ಮೇಷ್ಟ್ರು ಉತ್ತರ ಹೇಳಲಿಲ್ಲ. ಕಾಲೋನಿ ಬರುವವರೆಗೂ ಹೇಳಲಿಲ್ಲ ಎಂದ ಆಟೋದವನು.

ಬಲಗೈಯ ಎರಡು ಬೆರಳು ಮತ್ತೆ ನೆಟ್ಟಗಾಗಲಿಲ್ಲ. ತಿಂಗಳ ನಂತರದ ಪರೀಕ್ಷೆಯನ್ನು ಮುನಿರಾಜು ಬರೆಯಲಿಲ್ಲ, ಮರುವರ್ಷವೂ ಬರಲಿಲ್ಲ. ಟೊಮೇಟೊ ಮಂಡಿಯಲ್ಲಿ ಕೆಲಸಕ್ಕೆ ಸೇರಿದನೆಂದು ಕೇಳಿದೆ. ಕೇಬಲ್ ಕದ್ದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಮನೆ ಮಾಲೀಕರು ಹೊಸ ಕೇಬಲ್ ಎಳೆಸಿದರು. ನಮ್ಮ ಮನೆಯ ನಲ್ಲಿಯಲ್ಲಿ ನೀರು ಸಿಹಿಯಾಗಿಯೇ ಬರುತ್ತಿತ್ತು.

ಮೇಷ್ಟ್ರಿಗೆ ಇನ್ನೂ ಮೂರು ವರ್ಷ ಸೇವೆ ಇತ್ತು. ಆ ಮೂರು ವರ್ಷ ಅವರು ಆದರ್ಶ ಅಧ್ಯಾಪಕರಾಗಿದ್ದರು. ಕಿಟಕಿಗಳೆಲ್ಲ ತೆರೆದಿರುತ್ತಿದ್ದವು. ನೋಟ್ಸ್ ಹೇಳಿ ಬರೆಸುವರು, ಬ್ರಿಟನ್, ಸ್ವಿಟ್ಜರ್‌ಲೆಂಡ್, ಅಮೇರಿಕ, ಮೂರಕ್ಕೂ ಸಮಪಾಲು. ಹಾಜರಿ ಎರಡು ಸಲ, ಪಾಠಕ್ಕೆ ಮೊದಲೊಮ್ಮೆ, ಕೊನೆಗೊಮ್ಮೆ. ಫಲಿತಾಂಶ ಏರಿತು, ಪ್ರಾಂಶುಪಾಲರು ಮೀಟಿಂಗಿನಲ್ಲಿ ಹೊಗಳಿದರು. ಜೇಬಿನ ಪುಸ್ತಕ ಕಾಣಲಿಲ್ಲ. ಮನೆಯ ಮುಂಬಾಗಿಲಿಗೆ ಬಡಗಿಯನ್ನು ಕರೆಸಿ ಎರಡು ಅಗುಳಿ ಹಾಕಿಸಿದರು, ಹಗಲಲ್ಲೂ ಹಾಕಿಕೊಂಡಿರುತ್ತಿದ್ದರು. ಎಂಟು ವರ್ಷ ಬಡಗಿಗಾಗಿ ಬಯ್ದಿದ್ದ ಅಕ್ಕ ಒಮ್ಮೆ ಮಾರುಕಟ್ಟೆಯಲ್ಲಿ ಸಿಕ್ಕಿ, “ಈಗ ಬಾಗಿಲು ತಟ್ಟಿದ್ರೆ ಅವನೇ ಎದ್ದು ಬರಲ್ಲ ಕಣಪ್ಪ. ಯಾರು ಅಂತ ನನ್ನ ಕೇಳಕ್ಕೆ ಕಳಿಸ್ತಾನೆ” ಎಂದರು.

ನನ್ನೊಂದಿಗೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ದಿನಾ ಬರುವರು, ನಮಸ್ಕಾರ ಎನ್ನುವರು, ಪತ್ರಿಕೆ ಓದುವರು. ನೀರು ಮಾತ್ರ ಮನೆಯಿಂದ ಬಾ‌ಟಲಿಯಲ್ಲಿ ತರುತ್ತಿದ್ದರು.

ನಿವೃತ್ತಿಯ ದಿನ ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ. ಪ್ರಾಂಶುಪಾಲರು ಅವರನ್ನು ಪ್ರಜಾಪ್ರಭುತ್ವದ ಪ್ರತಿಪಾದಕರೆಂದು ಕರೆದರು. ಎರಡು ಮಾತಾಡಬೇಕೆಂದು ಮೈಕ್ ಮುಂದೆ ನಿಲ್ಲಿಸಿದಾಗ ಮೇಷ್ಟ್ರು ಕೈಮುಗಿದು, ನಮ್ಮನ್ನೆಲ್ಲ ಒಂದು ಸುತ್ತು ನೋಡಿ, ಕೂತುಬಿಟ್ಟರು. ಭಾವುಕರಾಗಿದ್ದಾರೆ ಎಂದು ನಿರೂಪಕಿ ಹೇಳಿದಳು. ಸುಮ್ಮನಿರುವ ಹಕ್ಕನ್ನು ಯಾರ ಅಪ್ಪಣೆಯನ್ನೂ ಕೇಳದೆ ಪೂರ್ತಿಯಾಗಿ ಬಳಸಿಕೊಂಡ ಪ್ರಜೆಯನ್ನು ನಾನು ನೋಡಿದ್ದು ಅದೊಂದೇ ಸಲ.

ಹೋದ ಬುಧವಾರ ಸುದ್ದಿ ತಿಳಿದು ಹೋದೆ. ಹನ್ನೊಂದು ಗಂಟೆಯ ಬಿಸಿಲು. ಬಾಗಿಲು ಪೂರ್ತಿ ತೆರೆದಿತ್ತು, ಎರಡು ಅಗುಳಿಗಳೂ ಕೆಲಸವಿಲ್ಲದೆ ಹೊಳೆಯುತ್ತಿದ್ದವು. ಅಂಗಳದ ಶಾಮಿಯಾನದ ಕೆಳಗೆ ಇಪ್ಪತ್ತು ಮಂದಿ ಇರಬಹುದು. ಒಳಗೆ ಮೇಷ್ಟ್ರನ್ನು ಮಲಗಿಸಿದ್ದರು. ಅಕ್ಕ ನನ್ನನ್ನು ನೋಡಿ, “ಬಂದ್ರಾ” ಎಂದರು, ಅಷ್ಟೇ. ಹೊರಗೆ ಬಂದು ಕುರ್ಚಿ ಹುಡುಕುವಾಗ ಒಬ್ಬ ಗಡ್ಡದ ಯುವಕ ಒಂದು ತಟ್ಟೆಯಲ್ಲಿ ನೀರಿನ ಲೋಟಗಳನ್ನಿಟ್ಟುಕೊಂಡು ಬಂದವರಿಗೆಲ್ಲ ಕೊಡುತ್ತಿದ್ದ. ನನ್ನ ಮುಂದೆ ಬಂದಾಗ ತಟ್ಟೆಯ ಅಂಚನ್ನು ಹಿಡಿದ ಬಲಗೈಯ ಬೆರಳುಗಳನ್ನು ಕಂಡೆ.

“ಕುಡೀರಿ ಸಾರ್, ಬಿಸ್ಲಲ್ಲಿ ಬಂದಿದೀರಿ” ಎಂದ ಮುನಿರಾಜು.

ಕುಡಿದೆ. ಲೋಟ ಹಿಂತಿರುಗಿಸುವಾಗ ಅವನು, ಯಾರಿಗೂ ಕೇಳಿಸದಷ್ಟು ಮೆಲ್ಲಗೂ ಅಲ್ಲ, ಎಲ್ಲರಿಗೂ ಕೇಳಲೆಂದು ಜೋರಾಗಿಯೂ ಅಲ್ಲ, ಸುಮ್ಮನೆ ಕೇಳಿದ. “ಲೈಬ್ರರೀಲಿ ಆ ಸ್ಟೀಲ್ ಲೋಟ ಇನ್ನೂ ಇದ್ಯಾ ಸಾರ್?”

“ಇದೆ ಕಣಪ್ಪ” ಎಂದೆ. “ಅವತ್ತು ಮಂಗಳವಾರ ಮೂರು ಗಂಟೆಗೆ ಅದರಲ್ಲಿ ನಿನಗೆ ನೀರು ಕೊಟ್ಟೆ. ಎರಡು ಲೋಟ ಕುಡಿದೆ. ನಾನು ನೋಡಿದ್ದೆ.”

ಸಾಕ್ಷಿ ಅಚ್ಚುಕಟ್ಟಾಗಿತ್ತು. ದಿನ, ಹೊತ್ತು, ಸ್ಥಳ ಎಲ್ಲ ಇತ್ತು. ಬರೆದುಕೊಳ್ಳಲು ಅಲ್ಲಿ ಯಾವ ಪೇದೆಯೂ ಇರಲಿಲ್ಲ. ಯಾರಿಗಾಗಿ ಅದನ್ನು ಹೇಳಬೇಕಾಗಿತ್ತೋ ಅವರಲ್ಲಿ ಒಬ್ಬರು ಒಳಗೆ ಮಲಗಿದ್ದರು.

“ಗೊತ್ತು ಸಾರ್” ಎಂದು ಮುನಿರಾಜು ಲೋಟ ತೆಗೆದುಕೊಂಡು, ಹಿಂದೆ ನಿಂತಿದ್ದವರಿಗೆ ನೀರು ಕೊಡಲು ಹೋದ.